ವಿಕಲಚೇತನರಿಗೆ ಹೈನುಗಾರಿಕೆ ತರಬೇತಿ: ಯಾರಿಗೆ ಏನು ಬೇಕು ಎಂದು ತಿಳಿಯುವುದು ಹೇಗೆ?

ಮೂರು ವರ್ಷದ ಹಿಂದೆ ನಾನೇ ಮುಂದೆ ನಿಂತು ನಡೆಸಿದ ಒಂದು ತರಬೇತಿಯಿಂದ ಮಾತು ಶುರು ಮಾಡುತ್ತೇನೆ. ನನ್ನ ಮಾರ್ಗದ ಸಂಘಗಳಿಂದ ಇಪ್ಪತ್ತಾರು ಮಂದಿ ವಿಕಲಚೇತನರ ಪಟ್ಟಿ ತರಿಸಿ, ಮೂರು ದಿನದ ಹೈನುಗಾರಿಕೆ ತರಬೇತಿ ಇಟ್ಟಿದ್ದೆ. ಊಟ, ಕೈಪಿಡಿ, ಬ್ಯಾಗು, ಕೊನೆಗೆ ಪ್ರಮಾಣಪತ್ರ, ಎಲ್ಲ ಅಚ್ಚುಕಟ್ಟಾಗಿತ್ತು. ಸಭಾಂಗಣ ಮಾತ್ರ ಮೊದಲನೇ ಮಹಡಿಯಲ್ಲಿತ್ತು. ಎರಡೂ ಕಾಲಿಗೆ ಪೋಲಿಯೋ ಆಗಿದ್ದ ಒಬ್ಬ ಉತ್ಪಾದಕರನ್ನು ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿ ಮೇಲಕ್ಕೆ ತಂದು ಕೂರಿಸಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮರುದಿನ ಅವರು ಬರಲಿಲ್ಲ.

ಇನ್ನೊಬ್ಬ ಹುಡುಗ, ಇಪ್ಪತ್ತೆರಡರ ಪ್ರಾಯ, ಮೂರು ದಿನವೂ ಮುಂದಿನ ಸಾಲಿನಲ್ಲೇ ಕೂತು ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ನಗುತ್ತಿದ್ದ. ಅವನಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ಗೊತ್ತಾದದ್ದು ಪ್ರಮಾಣಪತ್ರ ಕೊಡುವ ಹೊತ್ತಿಗೆ, ಎರಡು ಸಲ ಹೆಸರು ಕೂಗಿದರೂ ಅವನು ಏಳದೆ ಇದ್ದಾಗ. ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಶೇ. 75 ಎಂದಿತ್ತು. ಯಾವುದರ 75 ಎಂದು ನಾನು ಕೇಳಿರಲಿಲ್ಲ.

ಆರು ತಿಂಗಳು ಬಿಟ್ಟು ಊರೂರಿಗೆ ಹೋಗಿ ನೋಡಿದೆ. ಆ ಇಪ್ಪತ್ತಾರು ಮಂದಿಯಲ್ಲಿ ಹೊಸದಾಗಿ ಡೈರಿಗೆ ಹಾಲು ಹಾಕಲು ಶುರು ಮಾಡಿದವರು ಒಬ್ಬರೂ ಇರಲಿಲ್ಲ. ಇಬ್ಬರು ಇದ್ದ ಹಸುವನ್ನೂ ಮಾರಿದ್ದರು. ಕುರ್ಚಿಯಲ್ಲಿ ಹೊತ್ತು ತಂದಿದ್ದ ಆ ಹಿರಿಯರ ಮನೆಗೂ ಹೋದೆ. ಕಾಫಿ ಕೊಡಿಸಿ ನಿಧಾನವಾಗಿ ಹೇಳಿದರು: "ತರಬೇತಿ ಬೇಡ ಅನ್ನಲಿಲ್ಲ ಸಾರ್ ನಾನು. ಹೊತ್ಕೊಂಡು ಹೋಗೋದು ಬೇಡ ಅಂದೆ, ಅಷ್ಟೇ."

ಅಂದಿನಿಂದ ಪಟ್ಟಿ ಕಳಿಸುವ ಮೊದಲು ಮನೆಗೆ ಹೋಗಿ ಕೂತು ಮಾತಾಡುವುದು ರೂಢಿ ಮಾಡಿಕೊಂಡಿದ್ದೇನೆ. ಸಂಘಗಳ ಕಾರ್ಯದರ್ಶಿಗಳಿಗೆ, ಆಡಳಿತ ಮಂಡಳಿಯವರಿಗೆ, ಮನೆಯಲ್ಲಿ ವಿಕಲಚೇತನರಿರುವ ಉತ್ಪಾದಕ ಬಂಧುಗಳಿಗೆ ಉಪಯೋಗವಾಗಲಿ ಎಂದು ಆ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಲೆಕ್ಕದಲ್ಲಿ ಇಲ್ಲದವರು

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು. ದೇಶದ ಲೆಕ್ಕದಲ್ಲಿ ಹತ್ತರಲ್ಲಿ ಏಳು ಮಂದಿ ಹಳ್ಳಿಯವರು. ಆಗ ಎಣಿಸಿದ್ದು ಕೆಲವೇ ಬಗೆಯ ವಿಕಲತೆಗಳನ್ನು. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಗಳಿದ್ದವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಕುಷ್ಠರೋಗದಿಂದ ಗುಣವಾದವರು, ಕುಬ್ಜರು, ಆಸಿಡ್ ದಾಳಿಗೆ ಒಳಗಾದವರು, ಕುಡುಗೋಲು ಕಣ ರಕ್ತಹೀನತೆ ಇರುವವರು, ಮಾನಸಿಕ ಕಾಯಿಲೆಯವರು, ಪಾರ್ಕಿನ್ಸನ್ ಕಾಯಿಲೆಯವರು, ಎಲ್ಲರೂ ಈಗ ಇದರಲ್ಲಿ ಬರುತ್ತಾರೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ಇದೆ ಎಂದು ಪ್ರಮಾಣಪತ್ರ ಇದ್ದವರಿಗೆ ಬಡತನ ನಿವಾರಣೆಯ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಶೇ. 5 ಮೀಸಲು. ಅದರಲ್ಲೂ ಮಹಿಳೆಯರಿಗೆ ಆದ್ಯತೆ. ವೃತ್ತಿ ತರಬೇತಿಗಳಲ್ಲಿ ವಿಕಲಚೇತನರನ್ನು ಉಳಿದವರ ಜೊತೆಗೇ ಸೇರಿಸಿಕೊಳ್ಳಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಕಾನೂನಿನ ಮಾತು ಇಷ್ಟು ಸಾಕು. ಸಂಘದ ಸದಸ್ಯರ ಪುಸ್ತಕ ತೆರೆದರೆ ಈ ಜನ ಕಾಣುವುದಿಲ್ಲ. ಹಸು ಅಪ್ಪನ ಹೆಸರಲ್ಲಿ, ಅಣ್ಣನ ಹೆಸರಲ್ಲಿ, ಗಂಡನ ಹೆಸರಲ್ಲಿ ಇರುತ್ತದೆ. ಹಾಗಾಗಿ "ನಮ್ಮ ಸಂಘದಲ್ಲಿ ವಿಕಲಚೇತನ ಸದಸ್ಯರು ಯಾರೂ ಇಲ್ಲ ಸಾರ್" ಎಂದು ಕಾರ್ಯದರ್ಶಿ ಹೇಳಿದರೆ ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಬಹುಪಾಲು ಸ್ವತಃ ವಿಕಲಚೇತನರೇ. ಯಾರ ಮನೆಯಲ್ಲಿ ಯಾರಿದ್ದಾರೆ, ಗುರುತಿನ ಚೀಟಿ ಆಗಿದೆಯೋ ಇಲ್ಲವೋ ಎಂಬುದು ಅವರ ಬಳಿ ಬರೆದಿರುತ್ತದೆ. ಅವರನ್ನು ಜೊತೆಗೆ ಕರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ. ಆಶಾ ಕಾರ್ಯಕರ್ತೆಯರಿಗೆ ಇನ್ನೂ ಚೆನ್ನಾಗಿ ಗೊತ್ತು, ಯಾಕೆಂದರೆ ಹಿಂದಿನ ಕೋಣೆಯವರೆಗೂ ಹೋಗಿ ಬರುವವರು ಅವರೇ.

ಹೊಲಿಗೆ ಯಂತ್ರದ ಮೇಲೆ ಈರುಳ್ಳಿ ಬುಟ್ಟಿ

ಹೀಗೆ ಹೋದ ಮನೆಗಳಲ್ಲಿ ಒಂದನ್ನು ಮರೆಯಲಾರೆ. ಮೂರು ಕರೆಯುವ ಹಸು ಇರುವ ಮನೆ. ಅಣ್ಣ ಸಂಘದ ಸದಸ್ಯ. ತಂಗಿಗೆ ಮೂವತ್ತು ದಾಟಿದೆ, ಬಲಗಾಲು ಪೋಲಿಯೋದಿಂದ ಸೊರಗಿದೆ, ಗೋಡೆ ಹಿಡಿದು ಓಡಾಡುತ್ತಾರೆ. ನಾವು ಬಂದ ವಿಷಯ ಹೇಳುತ್ತಲೇ ಅಣ್ಣ, "ನಮ್ ಹುಡುಗಿಗೆ ಹೊಲಿಗೆ ಮಿಷನ್ ಆಗ್ಲೇ ಬಂದೈತೆ ಸಾರ್, ಬೇರೆ ಏನಾದ್ರೂ ಇದ್ರೆ ಕೊಡ್ಸಿ" ಅಂದರು. ಮಿಷನ್ ಮೂಲೆಯಲ್ಲಿತ್ತು. ಹಳೇ ಸೀರೆ ಹೊದಿಸಿ, ಅದರ ಮೇಲೆ ಈರುಳ್ಳಿ ಬುಟ್ಟಿ ಇಟ್ಟಿದ್ದರು. ಕಾಲು ತುಳಿದು ಓಡಿಸುವ ಮಿಷನ್ ಅದು! ಕಾಲಿನ ತೊಂದರೆ ಇರುವವರಿಗೆ ಅದನ್ನು ಮಂಜೂರು ಮಾಡಿದ ಪುಣ್ಯಾತ್ಮರು ಯಾರೋ.

ಮಾತಿನ ನಡುವೆ, ಮುಂದಿದ್ದ ಹಸುವಿಗೆ ಯಾವಾಗ ಇಂಜೆಕ್ಷನ್ ಕೊಡಿಸಿದ್ದೀರಿ ಎಂದು ಸುಮ್ಮನೆ ಕೇಳಿದೆ. ಅಣ್ಣ ತಲೆ ಕೆರೆದುಕೊಂಡರು. ಒಳಗಿನಿಂದ ತಂಗಿಯ ದನಿ ಬಂತು: "ಯುಗಾದಿ ಆಗಿ ಎಂಟು ದಿನಕ್ಕೆ. ಇಪ್ಪತ್ತೊಂದು ದಿನಕ್ಕೆ ತಿರುಗಾ ಬೆದೆಗೆ ಬರ್ಲಿಲ್ಲ. ಗಬ್ಬ ನಿಂತೈತೆ."

ಅಣ್ಣನ ಎದುರಿಗೆ ಆಕೆ ಮಾತಾಡುವುದಿಲ್ಲ ಎಂದು ಗೊತ್ತಾಯಿತು. ನಾನು ಏನು ಕೇಳಿದರೂ ಉತ್ತರ ಅಣ್ಣನಿಂದ ಬರುತ್ತಿತ್ತು. ಸಂಘಕ್ಕೆ ಹೋಗಿ ಕಾರ್ಯದರ್ಶಿಯನ್ನು ಕರೆದುಕೊಂಡು ಬನ್ನಿ ಎಂದು ಅವರನ್ನು ಕಳಿಸಿದೆ. ಪುನರ್ವಸತಿ ಕಾರ್ಯಕರ್ತೆ ಒಳಗೆ ಹೋಗಿ ಪಕ್ಕದಲ್ಲಿ ಕೂತರು. ಆಗ ತಿಳಿಯಿತು: ಬೆಳಿಗ್ಗೆ ಐದರಿಂದ ಏಳರವರೆಗೆ ಮೂರೂ ಹಸುವಿನ ಹಾಲು ಕರೆಯುವುದು ಈಕೆಯೇ. ಕರುಗಳಿಗೆ ಹಾಲು ಕುಡಿಸುವುದು, ಹಿಂಡಿ ಬೂಸಾ ಕಲಸುವುದು, ಬೆದೆ ನೋಡುವುದು ಎಲ್ಲ ಈಕೆಯೇ. ಕ್ಯಾನ್ ಹೊತ್ತು ಡೈರಿಗೆ ಹೋಗುವುದು ಅತ್ತಿಗೆ. ಬಟವಾಡೆ ದುಡ್ಡು ಹೋಗುವುದು ಅಣ್ಣನ ಖಾತೆಗೆ.

ಏನು ಕಲಿಯಬೇಕು ಅನ್ನಿಸುತ್ತದೆ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಕಲಿಯೋದೇನೈತೆ ಸಾರ್, ಒಂದು ಹಸು ನನ್ನ ಹೆಸರಲ್ಲಿ ಇರ್ಬೇಕು. ಅದರ ಹಾಲು ನನ್ನ ನಂಬರಿಗೆ ಬೀಳ್ಬೇಕು" ಅಂದರು. ಸ್ವಲ್ಪ ತಡೆದು, "ಆ ಚೀಟೀಲಿ ಬರೆದಿರ್ತಾರಲ್ಲ, ಫ್ಯಾಟು, ಎಸ್ಸೆನ್ನೆಫ್ಫು, ಅದು ಹೆಂಗೆ ಲೆಕ್ಕ ಅಂತ ಗೊತ್ತಾಗಲ್ಲ. ಅತ್ತಿಗೆ ಹೇಳಿದ್ದೇ ಲೆಕ್ಕ" ಎಂದು ಸೇರಿಸಿದರು.

ಹಸು ಸಾಕುವುದನ್ನು ಈಕೆಗೆ ನಾನೇನು ಕಲಿಸಲಿ? ಬೇಕಾಗಿದ್ದದ್ದು ಬೇರೆ. ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆ ದರ ಹೇಗೆ ನಿಲ್ಲುತ್ತದೆ ಎಂಬ ಎರಡು ಗಂಟೆಯ ಪಾಠ. ತನ್ನ ಹೆಸರಿನ ಬ್ಯಾಂಕ್ ಖಾತೆ ನಡೆಸುವ ರೀತಿ. ಸದಸ್ಯತ್ವದ ಅರ್ಜಿ. ಮೂರು ದಿನದ ತರಬೇತಿಯಲ್ಲಿ ತಳಿಗಳ ಹೆಸರು ಹೇಳಿ ಕಳಿಸಿದ್ದರೆ ಆಕೆಗೂ ನಷ್ಟ, ಒಕ್ಕೂಟಕ್ಕೂ ನಷ್ಟ.

ದಿನದ ಕೆಲಸವನ್ನು ಬಿಡಿಸಿ ನೋಡುವುದು

ಹಸು ಸಾಕುವುದು ಒಂದೇ ಕೆಲಸ ಎಂದುಕೊಂಡಾಗ "ಇವರಿಂದ ಆಗುತ್ತಾ, ಆಗಲ್ವಾ" ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಮನೆಯವರು "ಆಗಲ್ಲ ಬಿಡಿ" ಅಂದುಬಿಡುತ್ತಾರೆ. ಬಿಡಿಸಿ ನೋಡಿದರೆ ಬೆಳಗಿನಿಂದ ಸಂಜೆಯವರೆಗೆ ಹದಿನೈದು ಇಪ್ಪತ್ತು ಕೆಲಸಗಳಿವೆ. ಸಗಣಿ ಎತ್ತುವುದು, ನೆಲ ತೊಳೆಯುವುದು, ಕೆಚ್ಚಲು ತೊಳೆದು ಒರೆಸುವುದು, ಹಾಲು ಕರೆಯುವುದು, ಸೋಸುವುದು, ಡೈರಿಗೆ ಒಯ್ಯುವುದು, ಹುಲ್ಲು ಕೊಯ್ಯುವುದು, ಹೊರೆ ಹೊರುವುದು, ಮೇವು ಕತ್ತರಿಸುವುದು, ನೀರು ಕುಡಿಸುವುದು, ಪಶು ಆಹಾರ ಅಳೆದು ಹಾಕುವುದು, ಬೆದೆ ಗುರುತಿಸುವುದು, ದಿನಾಂಕ ಬರೆದಿಡುವುದು, ವೈದ್ಯರಿಗೆ ಫೋನ್ ಮಾಡುವುದು, ಲೆಕ್ಕ ನೋಡುವುದು. ಒಂದೊಂದರ ಮುಂದೆ ಬರೆಯಿರಿ: ಈಗಲೇ ಮಾಡುತ್ತಾರೆ, ಸಲಕರಣೆ ಇದ್ದರೆ ಮಾಡುತ್ತಾರೆ, ಕಲಿತರೆ ಮಾಡುತ್ತಾರೆ, ಬೇರೆಯವರೇ ಮಾಡಬೇಕು. ಬಾಯಲ್ಲಿ ಕೇಳಿ ಬರೆಯುವುದಕ್ಕಿಂತ ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಕೂತು ನೋಡಿ ಬರೆಯುವುದು ಮೇಲು. ಮನೆಯವರು "ಆಗಲ್ಲ" ಅಂದ ಎಷ್ಟೋ ಕೆಲಸ ನಡೆಯುತ್ತಿರುವುದನ್ನು ನಾನು ನೋಡಿದ್ದೇನೆ.

ಹೀಗೆ ನೋಡಿದಾಗ ಬಹಳ ಮಂದಿಗೆ ಕಷ್ಟವಾಗುವುದು ಹಾಲು ಕರೆಯುವುದಲ್ಲ. ಕಾಲಿನ ತೊಂದರೆ ಇರುವವರಿಗೆ ಹೊರೆ ಹೊರುವುದೇ ಕಷ್ಟ. ದೊಡ್ಡ ಹಸುವಿಗೆ ದಿನಕ್ಕೆ ಇಪ್ಪತ್ತೈದು ಕೆಜಿ ಹಸಿಹುಲ್ಲು ಬೇಕು, ಅರವತ್ತರಿಂದ ಎಂಬತ್ತು ಲೀಟರ್ ನೀರು ಬೇಕು. ಹೊಲದಿಂದ ಹುಲ್ಲು, ಬೋರಿನಿಂದ ನೀರು ತರಲಾಗದೆ ಹಸು ಮಾರಿದವರಿದ್ದಾರೆ. ಇವರಿಗೆ ಬೇಕಾದದ್ದು ಕೊಟ್ಟಿಗೆಯ ಪಕ್ಕದಲ್ಲೇ ನಾಲ್ಕು ಸಾಲು ನೇಪಿಯರ್ ಹುಲ್ಲು, ಗೊಂತಿಗೆ ಒಂದು ಪೈಪು, ಮಳೆಗಾಲದಲ್ಲೇ ಒಂದು ಗುಂಡಿ ಅಥವಾ ಚೀಲಗಳಲ್ಲಿ ಸೈಲೇಜ್ ತುಂಬಿಡುವ ಕಲೆ. ಮನೆಯವರೆಲ್ಲ ಸೇರಿ ಎರಡು ದಿನ ಮಾಡಿದ ಸೈಲೇಜ್, ಬೇಸಿಗೆಯಲ್ಲಿ ಆತ ಒಬ್ಬನೇ ಕೂತು ಹಾಕುವಷ್ಟು ಹತ್ತಿರದಲ್ಲಿರುತ್ತದೆ. ಉದ್ದ ಹಿಡಿಯ ಸಗಣಿ ತಳ್ಳುವ ಹಲಗೆ, ಗಟ್ಟಿ ಮಣೆ, ಜಾರದ ರಬ್ಬರ್ ಮ್ಯಾಟ್, ಗಾಲಿಕುರ್ಚಿ ತಿರುಗುವಷ್ಟು ಅಗಲದ ದಾರಿ. ಇದರಲ್ಲಿ ತರಬೇತಿಗಿಂತ ಗಾರೆ ಕೆಲಸವೇ ಹೆಚ್ಚು!

ಒಂದು ಕೈ ಇಲ್ಲದವರ ವಿಷಯ ಬೇರೆ. ಹಸು ತೊರೆ ಬಿಟ್ಟ ಮೇಲೆ ಹಾಲು ಇಳಿಯುವುದು ಐದರಿಂದ ಏಳು ನಿಮಿಷ. ಅಷ್ಟರಲ್ಲಿ ಕರೆದು ಮುಗಿಸಬೇಕು. ಒಂದೇ ಕೈಯಲ್ಲಿ ಹತ್ತು ಲೀಟರ್ ಹಸುವನ್ನು ಕರೆಯಲು ಕೂತರೆ ಕೆಚ್ಚಲಲ್ಲಿ ಹಾಲು ಉಳಿಯುತ್ತದೆ. ದಿನಕ್ರಮೇಣ ಹಸು ಬತ್ತುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಇಂಥವರಿಗೆ "ಮುಷ್ಟಿಯಲ್ಲಿ ಹಿಂಡಿ, ಹೆಬ್ಬೆರಳು ಮಡಚಬೇಡಿ" ಎಂಬ ಪಾಠ ಎಷ್ಟು ಮಾಡಿದರೂ ಫಲವಿಲ್ಲ. ಹಾಲು ಕರೆಯುವ ಯಂತ್ರ ಬೇಕು, ಅದನ್ನು ಒಂದೇ ಕೈಯಲ್ಲಿ ತೊಡಿಸಿ, ಬಿಚ್ಚಿ, ಬಿಸಿನೀರಲ್ಲಿ ತೊಳೆಯುವ ಅಭ್ಯಾಸ ಬೇಕು. ಯಂತ್ರ ಕೊಳ್ಳುವ ಶಕ್ತಿ ಇಲ್ಲದಿದ್ದರೆ ಎರಡು ಮನೆಯವರು ಸೇರಿ ಇಟ್ಟುಕೊಳ್ಳಬಹುದೇ ಎಂದು ಕೇಳಬೇಕು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೈ, ಬೆರಳು ಕಳೆದುಕೊಂಡವರಲ್ಲಿ ಕೆಲವರು ಅದನ್ನು ಕಳೆದುಕೊಂಡದ್ದು ನಮ್ಮದೇ ಕಸುಬಿನಲ್ಲಿ, ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಟ್ಟು. ಹುಲ್ಲು ಒಳಗೆ ಸಿಕ್ಕಿಕೊಂಡಾಗ ಮೋಟಾರ್ ನಿಲ್ಲಿಸದೆ ಕೈ ಹಾಕುವುದು, ಬಾಯಿಯ ಮುಚ್ಚಳ ಅಡ್ಡ ಎಂದು ಬಿಚ್ಚಿ ಬಿಸಾಡುವುದು, ಸಂಜೆ ಮಬ್ಬಿನಲ್ಲಿ ಮಕ್ಕಳನ್ನು ಹುಲ್ಲು ಕೊಡಲು ನಿಲ್ಲಿಸುವುದು. ದಯವಿಟ್ಟು ಮುಚ್ಚಳ ಬಿಚ್ಚಬೇಡಿ. ಸಡಿಲ ತೋಳಿನ ಅಂಗಿ, ಸೆರಗು, ಬಳೆ ಇಟ್ಟುಕೊಂಡು ಅದರ ಹತ್ತಿರ ಹೋಗಬೇಡಿ.

ಕಣ್ಣು ಕಾಣದವರು, ಕಿವಿ ಕೇಳದವರು

ಕಣ್ಣು ಕಾಣದವರು ಹಸು ಸಾಕುತ್ತಾರೆ ಅಂದರೆ ನಗುವವರಿದ್ದಾರೆ. ಹಾಲು ಕರೆಯುವುದು ಕೈಯ ಕೆಲಸ. ಕಣ್ಣಿದ್ದವರೂ ನಸುಕಿನಲ್ಲಿ ಕೊಟ್ಟಿಗೆಗೆ ಹೋಗಿ ಕೈಯಂದಾಜಿನಲ್ಲೇ ಕರೆಯುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಕೆಚ್ಚಲಿನ ಒಂದು ಭಾಗ ಬಿಸಿಯಾಗಿದೆ, ಗಟ್ಟಿಯಾಗಿದೆ, ಮುಟ್ಟಿದರೆ ಹಸು ಕಾಲೆತ್ತುತ್ತದೆ ಎಂಬುದನ್ನು ಅವರ ಬೆರಳು ನಮಗಿಂತ ಮೊದಲು ಹೇಳೀತು. ಸೋಸುವ ತೆಳು ಬಟ್ಟೆಯ ಮೇಲೆ ಮೊದಲ ಧಾರೆ ಬಿಟ್ಟು ಬೆರಳಾಡಿಸಿದರೆ ಗರಣೆ ಗೊತ್ತಾಗುತ್ತದೆ. ಹೊರಗೆ ಕಾಣದ ಕೆಚ್ಚಲು ಬಾವು, ಅಂದರೆ ಕ್ಯಾಲಿಫೋರ್ನಿಯಾ ದ್ರಾವಣ ಹಾಕಿ ನೋಡಬೇಕಾದದ್ದು, ಅದಕ್ಕೆ ಮಾತ್ರ ಕಣ್ಣಿದ್ದವರ ನೆರವು ಬೇಕು. ಮನೆಯಿಂದ ಕೊಟ್ಟಿಗೆಗೆ ಒಂದು ಹಗ್ಗ ಕಟ್ಟಿ, ಹಸುವಿನ ಹತ್ತಿರ ಹೋಗುವ ಮೊದಲು ಹೆಸರು ಹಿಡಿದು ಮಾತಾಡಿಸುವ ಅಭ್ಯಾಸವಾದರೆ ಒದೆ ತಿನ್ನುವುದು ತಪ್ಪುತ್ತದೆ. ಅವರು ಮೋಸ ಹೋಗುವ ಜಾಗ ಕೊಟ್ಟಿಗೆಯಲ್ಲ, ಡೈರಿ. ಪರದೆಯ ಮೇಲೆ ಬಂದ ಲೀಟರು, ಫ್ಯಾಟು, ದರ ಅವರಿಗೆ ಕಾಣುವುದಿಲ್ಲ. ಹಾಲು ಪರೀಕ್ಷಕರೇ, ಅಂಥ ಸದಸ್ಯರು ಬಂದಾಗ ಆ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳಿ. ಫೋನ್‌ಗೆ ಸಂದೇಶ ಹೋಗುವ ವ್ಯವಸ್ಥೆ ಇದ್ದಲ್ಲಿ ಅದನ್ನು ಫೋನೇ ಓದಿ ಹೇಳುವಂತೆ ಮಾಡಿಕೊಳ್ಳುವುದು ಒಂದು ಗಂಟೆಯಲ್ಲಿ ಕಲಿಸಬಹುದಾದ ವಿದ್ಯೆ. ಅದನ್ನೂ ತರಬೇತಿ ಎಂದೇ ಲೆಕ್ಕ ಹಿಡಿಯಬೇಕು.

ಕಿವಿ ಕೇಳದವರ ತೊಂದರೆ ಹೊರಗೆ ಕಾಣುವುದಿಲ್ಲ, ನಾನು ಎಡವಿದ್ದೂ ಅಲ್ಲೇ. ಹಸು ಬೆದೆಗೆ ಬಂದಾಗ ಕೂಗುತ್ತದೆ. ಆ ಕೂಗು ಕೇಳಿಯೇ ನಾವು ಹೊರಗೆ ಬರುತ್ತೇವೆ. ಆ ಹುಡುಗನ ಮನೆಯ ಹಸು ಎರಡು ಸಲ ರಾತ್ರಿ ಬೆದೆಗೆ ಬಂದು ತಪ್ಪಿಹೋಗಿತ್ತು. ಒಂದು ಬೆದೆ ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು, ಅಷ್ಟು ದಿನದ ಮೇವು ದಂಡ. ಅವನಿಗೆ ಬೇಕಾಗಿದ್ದದ್ದು ಕಣ್ಣಲ್ಲಿ ಕಾಣುವ ಗುರುತುಗಳು: ಯೋನಿಯಿಂದ ಇಳಿಯುವ ಗಾಜಿನಂಥ ಲೋಳೆ, ಬಾಲಕ್ಕೆ ಮೆತ್ತಿದ ಅಂಟು, ಬೇರೆ ಹಸು ಏರಿದರೆ ಸುಮ್ಮನೆ ನಿಲ್ಲುವುದು, ಮೇವು ಬಿಡುವುದು, ಅಂದು ಹಾಲು ಇಳಿಯುವುದು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ. ಇದನ್ನು ಚಿತ್ರ ಬಿಡಿಸಿ, ಅವನದೇ ಹಸುವಿನ ಮುಂದೆ ನಿಂತು, ಅವನ ಅಕ್ಕ ಕೈಸನ್ನೆ ಮಾಡಿ ತಿಳಿಸಿದಾಗ ಅರ್ಧ ದಿನದಲ್ಲಿ ಹಿಡಿದ. ಈಗ ಅವರ ಮನೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದನೇ ದಿನಕ್ಕೆ ಕೆಂಪು ಸುತ್ತು ಬಿದ್ದಿರುತ್ತದೆ. ವೈದ್ಯರಿಗೆ ಫೋನ್ ಮಾಡಲಾರ, ಆದರೆ ವಾಟ್ಸಾಪಿನಲ್ಲಿ ಲೋಳೆಯ ಫೋಟೋ ಕಳಿಸುತ್ತಾನೆ. ನಮ್ಮ ಗರ್ಭಧಾರಣೆ ಕಾರ್ಯಕರ್ತರು ಮೊದಲು ಬೈದುಕೊಂಡರು, ಈಗ ಎಲ್ಲರಿಗೂ ಹಾಗೇ ಕಳಿಸಿ ಅನ್ನುತ್ತಿದ್ದಾರೆ.

ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳ ತಾಯಂದಿರು "ನಮ್ಮವನಿಗೆ ಏನು ಕಲಿಸ್ತೀರಿ ಬಿಡಿ" ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ಹಸುವಿಗೆ ದಿನವೂ ಅದೇ ಹೊತ್ತು, ಅದೇ ಕ್ರಮ, ಅದೇ ಕೈ ಇಷ್ಟ. ಇಂಥ ಎಷ್ಟೋ ಹುಡುಗರಿಗೂ ಹಾಗೆಯೇ. ಮೈ ಉಜ್ಜುವುದು, ಮ್ಯಾಟ್ ತೊಳೆಯುವುದು, ನೀರಿನ ತೊಟ್ಟಿ ತುಂಬಿಸುವುದು, ಒಂದಾದ ಮೇಲೆ ಒಂದರಂತೆ ಗೋಡೆಯ ಮೇಲೆ ಚಿತ್ರ ಅಂಟಿಸಿ ಕಲಿಸಬಹುದು. ಕಲಿಯಲು ತಿಂಗಳುಗಳೇ ಬೇಕಾದೀತು. ಮೂರು ದಿನದ ಶಿಬಿರ ಇವರಿಗಲ್ಲ. ಇಲ್ಲಿ ತರಬೇತಿ ಬೇಕಾದದ್ದು ತಾಯಿಗೂ ಹೌದು: ಹೇಗೆ ಕಲಿಸಬೇಕು, ಎಲ್ಲಿ ಬಿಡಬೇಕು, ಹೋರಿಯ ಹತ್ತಿರ, ಯಂತ್ರದ ಹತ್ತಿರ ಏಕೆ ಬಿಡಬಾರದು ಎಂದು.

ಕುಷ್ಠರೋಗದಿಂದ ಗುಣವಾದವರ ಬಗ್ಗೆ ಸಂಘಗಳಲ್ಲಿ ಮಾತು ಇನ್ನೂ ಪಿಸುದನಿಯಲ್ಲೇ ನಡೆಯುತ್ತದೆ. ಬಹುಔಷಧ ಚಿಕಿತ್ಸೆ ಮುಗಿಸಿದವರಿಂದ ರೋಗ ಹರಡುವುದಿಲ್ಲ. ಅವರ ಹಾಲು ಬೇಡ ಎನ್ನಲು ಯಾವ ಕಾರಣವೂ ಇಲ್ಲ. ಆದರೆ ಅವರ ಕೈಗೆ ಸ್ಪರ್ಶ ಇಲ್ಲದಿರಬಹುದು. ಬಿಸಿನೀರು ಸುಟ್ಟರೂ ತಿಳಿಯದು, ಹಗ್ಗ ಉಜ್ಜಿ ಗಾಯವಾದರೂ ತಿಳಿಯದು. ಕೈ, ಕಾಲು ದಿನವೂ ನೋಡಿಕೊಳ್ಳುವುದು, ಕೈಗವಸು ಹಾಕುವುದು, ಗಾಯವಿದ್ದ ದಿನ ಹಾಲು ಕರೆಯದಿರುವುದು, ಇದು ಅವರ ತರಬೇತಿಯ ಮೊದಲ ಪಾಠವಾಗಬೇಕು.

ಕೇಳುವಾಗ

ನೇರವಾಗಿ ಅವರನ್ನೇ ಕೇಳಿ. ಅವರ ಪಕ್ಕದವರ ಮುಖ ನೋಡಿ ಕೇಳಬೇಡಿ. "ಅಂಗವಿಕಲ", "ಕುಂಟ", "ಮೂಗ" ಎಂದು ಹೆಸರಿನ ಮುಂದೆ ಅಂಟಿಸುವುದು ನಮ್ಮ ಊರುಗಳಲ್ಲಿ ರೂಢಿ. ಪಾಸ್ ಪುಸ್ತಕದಲ್ಲೇ ಹಾಗೆ ಬರೆದದ್ದನ್ನು ನೋಡಿದ್ದೇನೆ. ಆ ಹೆಸರು ಬರೆದ ಕಾರ್ಯದರ್ಶಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೂ ಅಳಿಸಿ ಎಂದು ಹೇಳಿದೆ.

ಏನು ಕಲಿಯಬೇಕು ಎನ್ನುವುದಕ್ಕೆ ಮೊದಲು, ದಿನ ಹೇಗೆ ಕಳೆಯುತ್ತದೆ ಎಂದು ಕೇಳಬೇಕು. ಎಷ್ಟು ಹೊತ್ತು ಕೂರಬಲ್ಲರು, ಯಾವ ಹೊತ್ತಿನಲ್ಲಿ ನೋವು ಹೆಚ್ಚು, ಮಾತ್ರೆ ತೆಗೆದುಕೊಳ್ಳುವುದು ಯಾವಾಗ. ಮೂರ್ಛೆ ರೋಗ ಇದ್ದವರನ್ನು ಒಂಟಿಯಾಗಿ ಯಂತ್ರದ ಮುಂದೆ, ತೊಟ್ಟಿಯ ಹತ್ತಿರ ಬಿಡುವಂತಿಲ್ಲ. ಜಮೀನು ಯಾರ ಹೆಸರಲ್ಲಿದೆ, ಹುಲ್ಲಿಗೆ ಜಾಗ ಯಾರು ಕೊಡುತ್ತಾರೆ, ಹಸು ತಂದರೆ ಮನೆಯಲ್ಲಿ ಇನ್ನೊಬ್ಬರ ಕೈ ಸಿಗುತ್ತದೆಯೇ. ಒಂದು ಹಸುವಿನಿಂದ ಕೈಗೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಅವರ ಎದುರಿಗೇ ಹಾಕಬೇಕು. ಬತ್ತಿದ ಎರಡು ತಿಂಗಳನ್ನು ಬಿಟ್ಟು ಲೆಕ್ಕ ಹಾಕುವುದು ಸಾಲ ಕೊಡಿಸುವವರ ಹಳೆಯ ಚಾಳಿ. ಅದನ್ನು ಸೇರಿಸಿಯೇ ಹಾಕಿ.

ಎಲ್ಲರಿಗೂ ಹಸುವೇ ಆಗಬೇಕೆಂದೂ ಇಲ್ಲ. ಇದನ್ನು ಒಕ್ಕೂಟದ ಪತ್ರಿಕೆಯಲ್ಲಿ ಬರೆಯುವುದು ಸರಿಯೋ ತಪ್ಪೋ ತಿಳಿಯದು, ಆದರೂ ಹೇಳುತ್ತೇನೆ: ಮನೆಯಲ್ಲಿ ಇನ್ನೊಂದು ಕೈ ಇಲ್ಲದ, ಮೇವಿಗೆ ಗೇಣು ಜಾಗ ಇಲ್ಲದವರಿಗೆ ಸಾಲ ಕೊಡಿಸಿ ಹಸು ಕಟ್ಟಿಸುವುದು ಉಪಕಾರವಲ್ಲ. ಅವರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದವರಿದ್ದರೆ ಸಂಘದಲ್ಲೇ ಕೆಲಸಗಳಿವೆ. ಹಾಲು ಪರೀಕ್ಷೆ, ಯಂತ್ರದಲ್ಲಿ ದಾಖಲೆ, ಬಟವಾಡೆ ಪಟ್ಟಿ, ಪಶು ಆಹಾರದ ದಾಸ್ತಾನು, ಇವೆಲ್ಲ ಕೂತು ಮಾಡುವ ಕೆಲಸಗಳು. ಟೇಬಲ್ಲು ಅರ್ಧ ಅಡಿ ತಗ್ಗಿಸಿದರೆ ಗಾಲಿಕುರ್ಚಿಯಲ್ಲಿ ಕೂತೇ ಪರೀಕ್ಷೆ ಮಾಡಬಹುದು.

ತರಬೇತಿಯ ಜಾಗದ ಬಗ್ಗೆ ಎರಡು ಮಾತು. ನೆಲಮಹಡಿ. ಕೂರುವ ಕಮೋಡ್ ಇರುವ, ಒಳಗೆ ಹಿಡಿಕೆ ಇರುವ ಶೌಚಾಲಯ. ಈ ಒಂದು ಕಾರಣಕ್ಕೆ ದಿನವಿಡೀ ನೀರು ಕುಡಿಯದೆ ಕೂತ ಹೆಣ್ಣುಮಕ್ಕಳು ನನ್ನ ಆ ಮೊದಲ ತರಬೇತಿಯಲ್ಲೇ ಇದ್ದರೆಂದು ಆಮೇಲೆ ತಿಳಿಯಿತು. ಜೊತೆಗೆ ಬರುವವರಿಗೂ ಊಟ, ಬಸ್ ಖರ್ಚು. ಬೆಳಗಿನ ಹಾಲು ಹಾಕಿ ಹೊರಟು, ಸಂಜೆಯ ಹಾಲಿಗೆ ಮನೆ ಸೇರುವ ಹೊತ್ತು. ಸಾಧ್ಯವಿದ್ದರೆ ಅವರದೇ ಊರಿನ ಕೊಟ್ಟಿಗೆಯಲ್ಲೇ ಕಲಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಉಳಿದು ಕಲಿಯಬಲ್ಲವರಿಗೆ ಜಿಲ್ಲೆಗಳಲ್ಲಿರುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಊಟ ವಸತಿ ಸಹಿತ ಉಚಿತವಾಗಿ ಹೈನುಗಾರಿಕೆ ಕಲಿಸುತ್ತವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯೇ ಇವಕ್ಕೆಲ್ಲ ಮಾದರಿ. ಕಲಿತ ಮೇಲೆ ಎರಡು ವರ್ಷ ಬೆನ್ನ ಹಿಂದೆ ನಿಂತು ವಿಚಾರಿಸುವುದು ಅವರ ಪದ್ಧತಿ, ನಾವು ಕಲಿಯಬೇಕಾದದ್ದು. ಸಾಲ, ಸಹಾಯಧನಗಳ ವಿವರಕ್ಕೆ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಗ್ರಾಮ ಪಂಚಾಯಿತಿಯ ಶೇ. 5ರ ಅನುದಾನದ ಬಗ್ಗೆ ಪಂಚಾಯಿತಿಯಲ್ಲೇ ಕೇಳಬಹುದು. ಯಾವುದಕ್ಕೇ ಹೋದರೂ ಮೊದಲು ಕೇಳುವುದು ಯುಡಿಐಡಿ ಗುರುತಿನ ಚೀಟಿ. ಅದು ಇಲ್ಲದವರಿಗೆ ತರಬೇತಿಗಿಂತ ಮೊದಲು ಅದನ್ನು ಮಾಡಿಸಿಕೊಡಿ.

ಆ ತಂಗಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಅಣ್ಣ ಒಪ್ಪಲು ಎಂಟು ತಿಂಗಳು ಹಿಡಿಯಿತು. ತಾನೇ ಹಾಲು ಕುಡಿಸಿ ಬೆಳೆಸಿದ ಕಡಸನ್ನು ಆಕೆಯ ಹೆಸರಿಗೆ ಬಿಟ್ಟುಕೊಟ್ಟರು. ಕಡಸು ಹೋದ ಚಳಿಗಾಲದಲ್ಲಿ ಕರು ಹಾಕಿತು, ಹೆಣ್ಣುಗರು. ಹೊತ್ತಿಗೆ ನಾಲ್ಕು ಲೀಟರ್ ಹಾಲು, ಆಕೆಯದೇ ನಂಬರಿಗೆ ಬೀಳುತ್ತಿದೆ. ಚೀಟಿಯನ್ನು ಈಗ ತಾನೇ ಓದಿಕೊಳ್ಳುತ್ತಾರೆ. ಒಂದು ದಿನ ಫ್ಯಾಟ್ 3.2 ಬಂದಾಗ ಅತ್ತಿಗೆಯ ಕೈಯಲ್ಲಿ ಚೀಟಿ ವಾಪಸ್ ಕಳಿಸಿ "ಇನ್ನೊಂದ್ ಸಲ ನೋಡ್ಬೇಕಂತೆ" ಎಂದು ಹೇಳಿಸಿದ್ದರಂತೆ. ಪರೀಕ್ಷಕರು ನನ್ನ ಹತ್ತಿರ ದೂರು ಹೇಳಿದರು. ನನಗೆ ಒಳಗೊಳಗೇ ಸಂತೋಷವಾಯಿತು.

ತಾವೇ ಡೈರಿಗೆ ಬಂದು ಹಾಲು ಹಾಕಬೇಕೆಂದು ಆಕೆಗೆ ಆಸೆ. ಮೂರು ಗಾಲಿಯ ಸ್ಕೂಟರಿಗೆ ಅರ್ಜಿ ಹಾಕಿದ್ದಾರೆ. ಸಂಘದ ಬಾಗಿಲಿಗೆ ಮೂರು ಮೆಟ್ಟಿಲಿವೆ. ಇಳಿಜಾರು ಕಟ್ಟಿಸಲು ಆಡಳಿತ ಮಂಡಳಿ ಠರಾವು ಮಾಡಿದೆ, ಜಲ್ಲಿ ಬಂದು ಬಾಗಿಲ ಪಕ್ಕದಲ್ಲಿ ಬಿದ್ದಿದೆ. ಮಳೆ ನಿಂತ ಮೇಲೆ ಕೆಲಸ ಶುರು ಎಂದು ಅಧ್ಯಕ್ಷರು ಹೇಳಿದ್ದಾರೆ.

ಸಂಘದ ಕಾರ್ಯದರ್ಶಿಗಳು ಮುಂದಿನ ತರಬೇತಿಗೆ ಹೆಸರು ಕಳಿಸುವಾಗ ಶೇಕಡಾವಾರು ಒಂದನ್ನೇ ಬರೆಯದೆ, ಯಾವ ಬಗೆಯ ತೊಂದರೆ, ಈಗ ಮಾಡುತ್ತಿರುವ ಕೆಲಸ, ಬೇಕಾದ ಸಲಕರಣೆ, ಜೊತೆಗೆ ಬರುವವರು ಯಾರು, ಅವರೇ ಕೇಳಿದ್ದು ಏನು ಎಂಬ ಐದು ವಿವರಗಳನ್ನು ಬರೆದು ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗೆ ಕೊಡಬೇಕಾಗಿ ಕೋರಿಕೆ.